ಹನ್ನೊಂದು ಸೂಜಿಗಳ ಕೆಳಗಿನಿಂದ

ಶ್ರೀಮತ್ ಸಮಸ್ತ ಸೂಜಿಮಂಡಲಾಧೀಶ್ವರಿ, ಕಹಿಕಷಾಯಪಾನ ಪ್ರವೀಣೆ, ನನ್ನ ಏಕಮಾತ್ರ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಮಾತು ಬಿಟ್ಟ ಹದಿನಾಲ್ಕನೇ ತಿಂಗಳಲ್ಲಿ ತಮ್ಮನ ಸಾಷ್ಟಾಂಗ ನಮಸ್ಕಾರಗಳು. ಇದನ್ನು ಕಳಿಸುವ ಧೈರ್ಯ ನನಗಿಲ್ಲವಾದ್ದರಿಂದ ತಾವು ನಿಶ್ಚಿಂತೆಯಿಂದಿರಬಹುದು.

ಇವತ್ತು ಕುತ್ತಿಗೆ ಉಳುಕಿ, ನಿನ್ನ ಅಕ್ಯುಪಂಕ್ಚರ್ ಡಾಕ್ಟರಮ್ಮನ ಹತ್ತಿರವೇ ಹೋಗಿದ್ದೆ. ಮಗುವಾಗಲೆಂದು ಆಸ್ಪತ್ರೆಯಲ್ಲಿ ಮಾಡಿಸುತ್ತಿದ್ದ ಐವಿಎಫ್ ಜೊತೆಗೆ ಈ ಚೀನೀ ಸೂಜಿ, ಕಷಾಯವೂ ಇರಲಿ ಎಂದು ನಿನ್ನನ್ನು ವಾರವಾರ ಸ್ಕೂಟರಿನಲ್ಲಿ ಕರೆತರುತ್ತಿದ್ದೆನಲ್ಲ, ಅದೇ ಮಂಚದ ಮೇಲೆ ಮಲಗಿಸಿ ಹನ್ನೊಂದು ಸೂಜಿ ಚುಚ್ಚಿದರು. ಅಲ್ಲಿ ಅಲ್ಲಾಡದೆ ಮಲಗಿದ್ದಾಗ ನೀನು ಮಾತು ಬಿಟ್ಟ ಆ ದಿನದ್ದೇ ನೆನಪು. ಮನೆ ತುಂಬ ನೆಂಟರು. ನಾನು ಕಾಲಿಗೆಲ್ಲ ಹಲ್ಲುಕಡ್ಡಿ ಅಂಟಿಸಿಕೊಂಡು ಸೋಫಾದ ಮೇಲೆ ಮಲಗಿ, "ಅಯ್ಯೋ, ಮಗು ಬರೋ ಹೊತ್ತಿಗೆ ನಾನೇ ಮುಳ್ಳುಹಂದಿ ಆಗ್ತೀನಿ!" ಎಂದು ನಿನ್ನ ಹಾಗೆ ನರಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿನ್ನ ಅತ್ತೆ ಮಾತ್ರ, "ಯಾವ ಟ್ರೀಟ್‌ಮೆಂಟು? ನಮಗ್ಯಾರೂ ಹೇಳೇ ಇಲ್ವಲ್ಲ?" ಎಂದರು. ನೀನು ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಅಕ್ಕ ಹೇಗಿದ್ದಾಳಪ್ಪಾ? ಆಮೇಲೆ ಬರಲೇ ಇಲ್ಲ" ಎಂದು ಡಾಕ್ಟರಮ್ಮ ಕೇಳಿದರು.

ನನಗೆ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಎದ್ದು ಓಡೋಣವೆಂದರೆ ಮೈಮೇಲೆ ಸೂಜಿ.

"ಹೆಣ್ಣುಮಗು ಆಯ್ತು ಮೇಡಂ" ಎಂದೆ.

ಅವರು ಕಣ್ಣೊರೆಸಿಕೊಂಡರು. "ಎಷ್ಟು ಕಾದಿದ್ದಳು, ಪಾಪ! ಮಗು ಯಾರ ಹಾಗಿದೆ?"

ಕ್ಷಮಿಸು ಅಕ್ಕಾ. ಸೋದರಮಾವನ ಹಾಗೇ ಇದೆ ಅಂದುಬಿಟ್ಟೆ.