ಪುಟ್ಟಿ ಮೆತ್ತಿದ ಬಿರುಕು

ನವೆಂಬರ್ ೧೨, ಬುಧವಾರ

ಅಕ್ಕನ ಮಗಳು ಯಶಶ್ರೀ, ಬೆಟ್ಟ ಹತ್ತಿಸುವ ತನ್ನ ಜೀಪಿನ ಚಾಸಿಗೆ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿಗೆ, ಪೌಡರ್ ಕೋಟಿಂಗೇ ಬೇಕೆಂದಳು. ನಾನು ಪೇಂಟೇ ಸಾಕೆಂದು ಇಡೀ ಚಾಮರಾಜಪೇಟೆಗೆ ಕೇಳುವಂತೆ ವಾದಿಸಿದೆ.

“ನಿನ್ನ ಇಂಜಿನಿಯರಿಂಗ್ ಕಾಲೇಜು ನನ್ನ ಗ್ಯಾರೇಜ್ ಮುಂದೆ ಎಲ್‌ಕೆಜಿ ಕಣೇ!”

“ಬಡಾಯಿ ಸಾಕು ಮಾಮ. ನೀವು ಹೇಳಿದ್ಮೇಲೆ ಮುಗೀತು, ಪೇಂಟೇ ಮಾಡ್ಸಿ” ಎಂದು ನಕ್ಕಳು.

ಆ ನಂಬಿಕೆ ಚುಚ್ಚುತ್ತಿದೆ. ಒಂದೇ ದಿನದಲ್ಲಿ ಚಾಸಿ ರಿಪೇರಿ ಮುಗಿಸುತ್ತೇನೆಂದು ಜಂಬ ಕೊಚ್ಚಿ, ಬಿರುಕಿಗೆ ವೆಲ್ಡಿಂಗ್ ಮಾಡದೆ ಪುಟ್ಟಿ ಮೆತ್ತಿದವನು ನಾನು. ಪೌಡರ್ ಹಾಕಿ ಒಲೆಯಲ್ಲಿ ಬೇಯಿಸಿದರೆ ಪುಟ್ಟಿ ಸುಟ್ಟು ಬಿರುಕು ಬಾಯಿಬಿಡುತ್ತದೆ. ಪೇಂಟಿನಡಿ ಯಾರಿಗೂ ಕಾಣದು.

ನಾಳೆ ಪೇಂಟರ್ ಬರುವ ಮುಂಚೆ ಪುಟ್ಟಿ ಕೆರೆದು ಅವಳಿಗೇ ತೋರಿಸಬೇಕು. ಮಾಮನಿಗೆ ಕೆಲಸ ಬರಲ್ಲ ಎಂದು ಅವಳು ನಕ್ಕರೆ ತಡೆದುಕೊಂಡೇನು. ಬೆಟ್ಟದಲ್ಲಿ ಚಾಸಿ ಮುರಿದು ಅವಳಿಗೇನಾದರೂ ಆಗಿ, “ನಿನಗೆ ಗೊತ್ತಿತ್ತಲ್ಲೋ” ಎಂದು ಅಕ್ಕ ಕೇಳಿದರೆ...