ಮೂವತ್ತೊಂದು ತಂಬಿಗೆ

ತಂಪುಮನೆ, ವಿಜಯಪುರ
ಫೆಬ್ರವರಿ 30, 2131

ಪ್ರಣತಿ ಆಯಿಗೆ ದಾನಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತು ಇರಲಿಲ್ಲವಂತೆ. ಆಮೇಲೆ ಯಾರೋ ದೊಡ್ಡವರು ಸೇರಿ ಮೇ ತಿಂಗಳಿಂದ ಎರಡು ದಿನ ಕಿತ್ತು ಇದಕ್ಕೆ ಹಚ್ಚಿದರು, ಅದರಿಂದ ಬಿಸಿಲೇನೂ ಕಡಿಮೆಯಾಗಲಿಲ್ಲ ಎಂದು ನಮ್ಮ ಸಂಗನಬಸು ಕಾಕಾ ನಗುತ್ತಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನೀವು ನನ್ನ ಆಯಿಯ ಆಯಿ, ಅಂದರೆ ಅಜ್ಜಿಯ ಅಜ್ಜಿ. ಆದರೆ ಇದು ಕೈಸೇರುವ ದಿನ ನಿಮಗೂ ನನ್ನಂತೆ ಹನ್ನೊಂದೇ ವರ್ಷ. ನೀನು ಅನ್ನಲು ಬಾಯಿ ಬರುವುದಿಲ್ಲ, ಹಾಗಾಗಿ ನೀವು ಎಂದೇ ಬರೆಯುತ್ತೇನೆ.

ಹಿಂದಿನ ಕಾಲಕ್ಕೆ ಹೋಗುವ ಪತ್ರಕ್ಕೆ ನಾವು ಹಿನ್ನೋಲೆ ಅನ್ನುತ್ತೇವೆ. ಹನ್ನೊಂದು ತುಂಬಿದವರಿಗೆ ಶಾಲೆಯಲ್ಲಿ ಒಂದೇ ಹಾಳೆ ಕೊಡುತ್ತಾರೆ, ಬರೆದದ್ದನ್ನು ಅಳಿಸಲು ಬರುವುದಿಲ್ಲ. ನಾನಂತೂ ಮನೆಯವರ ಮೇಲೆ ದೂರು ಹೇಳಲು ಕೂತಿದ್ದೇನೆ.

ನಾವು ಮೂವತ್ತೊಂದು ಜನ. ಬೆಳಿಗ್ಗೆ ಹತ್ತಕ್ಕೆ ಕದಮುಚ್ಚು. ಅಂದರೆ ಎಲ್ಲರೂ ನೆಲದ ಕೆಳಗಿನ ತಂಪುಮನೆಗೆ ಇಳಿದು, ಸಂಜೆ ಐದರವರೆಗೆ ದಪ್ಪ ಕದ ಹಾಕಿಕೊಳ್ಳುವುದು. ನಡುಹಗಲಿನ ಬಿಸಿಲಲ್ಲಿ ಸಿಕ್ಕಿಕೊಂಡವರು ಉಳಿಯುವುದು ಕಷ್ಟ. ಒಳಗೆ ಬಂದವರು ತಮ್ಮ ಹೆಸರು ಕೊರೆದ ತಾಮ್ರದ ತಂಬಿಗೆಯಲ್ಲಿ ನೀರು ಕುಡಿದು, ಅದನ್ನು ಹಲಗೆಯ ಮೇಲೆ ಬೋರಲು ಹಾಕಬೇಕು. ಎಲ್ಲವೂ ಬೋರಲಾದವೋ, ಅಂದರೆ ಎಲ್ಲರೂ ಒಳಗೆ ಬಂದರೋ ನೋಡಿ, ಕದ ಹಾಕಿ ಎಂದು ಕೂಗುವುದು ಈ ವರ್ಷ ನನ್ನ ಕೆಲಸ. ಅದಕ್ಕೆ ಬೆಲೆ ಮಾತ್ರ ಯಾರೂ ಕೊಡುವುದಿಲ್ಲ. ನನ್ನ ತಂಗಿ ನಾಗೂ ಇದ್ದಾಳಲ್ಲ, ಐದು ವರ್ಷದವಳು, ನಾಗಲಾಂಬಿಕೆ ಎಂಬ ಮಾರುದ್ದದ ಹೆಸರಿನ ಚೋಟುದ್ದದ ಹುಡುಗಿ, ಅವಳು ನೀರು ಕುಡಿದು ತಂಬಿಗೆಯನ್ನು ಎಲ್ಲೆಂದರಲ್ಲಿ ಉರುಳಿಸಿ ಹೋಗುತ್ತಾಳೆ. ಬೈಗುಳ ನನಗೆ. ಜಗಳ ಮಾಡಿ ಸಾಕಾಗಿ ಈಗ ಅವಳದನ್ನು ನಾನೇ ಬೋರಲು ಹಾಕಿಬಿಡುತ್ತೇನೆ. ಇವತ್ತೂ ಹಾಕಿದೆ. ಸಾಲದ್ದಕ್ಕೆ, ಕದ ಹಾಕಿದ ಮೇಲೆ ನಾನು ಬರೆಯಲು ಕೂತರೆ ಸಾಕು, ಬಂದು ಪೆನ್ನು ಕಸಿಯುತ್ತಾಳೆ. ದಿನಾಲೂ ಕಸಿಯುತ್ತಾಳೆ.

ಇವತ್ತು ಕಸಿದಿಲ್ಲ.

ಆಯಿ, ಒಂದು ನಿಮಿಷ. ನೋಡಿ ಬರುತ್ತೇನೆ.

ಈಗ ಸಂಜೆ ಐದೂವರೆ. ಅಕ್ಷರ ಸೊಟ್ಟಗಾದರೆ ಸಿಟ್ಟಾಗಬೇಡಿ.

ಕೋಣೆ ಕೋಣೆ ಹುಡುಕಿದೆ. ಹಾಸಿಗೆಗಳ ಹಿಂದೆ, ಜೋಳದ ಚೀಲಗಳ ನಡುವೆ, ಎಲ್ಲೂ ನಾಗೂ ಇರಲಿಲ್ಲ. ಗಡಿಯಾರದಲ್ಲಿ ಹನ್ನೊಂದೂವರೆ. ನಿಜ ಹೇಳುತ್ತೇನೆ, ಮೊದಲು ನನ್ನ ಕಣ್ಣಮುಂದೆ ಬಂದದ್ದು ನಾಗೂ ಅಲ್ಲ, ನನ್ನ ಆಯಿಯ ಮುಖ. ಇನ್ನು ನನ್ನ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದುಕೊಂಡು ಒಂದು ಗಳಿಗೆ ಸುಮ್ಮನೆ ನಿಂತೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಹೇಳಹೋದರೆ ಕೇಳುವವರು ಯಾರು? ಒಂದು ಕಡೆ ಚೌಕಾಬಾರದ ಕೂಗಾಟ, ಇನ್ನೊಂದು ಕಡೆ ಅವ್ವನಿಗೂ ಕಾಕಾನ ಹೆಂಡತಿ ಕಾಕುವಿಗೂ ವಾದ. ತಡೀ ತಂಗಿ, ಆಮ್ಯಾಲ ಹೇಳು ಅನ್ನುವವರೇ ಎಲ್ಲರೂ. ನಾನು ಹಲಗೆಗೆ ಎರಡೂ ಕೈ ಹಾಕಿ ಜಗ್ಗಿದೆ. ಮೂವತ್ತೊಂದು ತಂಬಿಗೆ ದಡದಡ ನೆಲಕ್ಕೆ ಬಿದ್ದು ಮನೆಯೆಲ್ಲ ಗಪ್ಪಾಯಿತು. ನಾಗೂ ಹೊರಗಿದ್ದಾಳೆ, ಅವಳ ತಂಬಿಗೆ ಬೋರಲು ಹಾಕಿದ್ದು ನಾನು ಎಂದೆ.

ನನ್ನ ಆಯಿ ಬೈಯಲಿಲ್ಲ. ಕದಾ ತೆಗೀರಿ, ಅಷ್ಟೇ ಅಂದರು. ಕಾಕಾ ಒದ್ದೆ ಕೌದಿ ಹೊದ್ದು ಹೊರಗೆ ಓಡಿದರು. ತೆರೆದ ಕದದಿಂದ ಬಿಸಿಗಾಳಿ ಒಳಗೆ ನುಗ್ಗಿ ಇಡೀ ದಿನದ ತಂಪು ಹೋಯಿತು, ಆದರೂ ಕಾಕಾ ಬರುವವರೆಗೆ ಯಾರೂ ಕದ ಮುಚ್ಚಲಿಲ್ಲ. ಅವ್ವ ನಾಗೂಳ ತಂಬಿಗೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಾಕಾ ಅವಳನ್ನು ಹೆಗಲ ಮೇಲೆ ಹೊತ್ತು ತಂದರು. ಬೆಕ್ಕಿನ ಮರಿಯ ಹಿಂದೆ ಹೋಗಿದ್ದಳಂತೆ. ಬಂದು ಕದ ಬಡಿದಿದ್ದಾಳೆ, ನಮ್ಮ ಗದ್ದಲದಲ್ಲಿ ಯಾರಿಗೂ ಕೇಳಿಸಿಲ್ಲ. ಕಾಲು ಸುಟ್ಟಾಗ ಹಿತ್ತಲಿನ ಹಳೆಯ ಬಾವಿಯ ಮೆಟ್ಟಿಲಿಳಿದು, ನೀರಲ್ಲಿ ಕಾಲಿಟ್ಟು ಕೂತಿದ್ದಾಳೆ. ಅಂಗಾಲಲ್ಲಿ ಬೊಬ್ಬೆ ಎದ್ದಿವೆ, ಜೀವಕ್ಕೇನೂ ಆಗಿಲ್ಲ. ಆ ಬಾವಿ ಇರದಿದ್ದರ ಹುಡುಗಿ ಉಳೀತಿರಲಿಲ್ಲ ಅಂದರು ಕಾಕಾ.

ಪ್ರಣತಿ ಆಯಿ, ಅದು ನಿಮ್ಮ ಹಿತ್ತಲಿನ ಬಾವಿ. ನೀವು ಹನ್ನೊಂದರವರಿದ್ದಾಗ ಹಿರಿಯರೆಲ್ಲ ಸೇರಿ ಅದಕ್ಕೆ ಕಲ್ಲುಮಣ್ಣು ತುಂಬಿ, ಮೇಲೆ ಕಾರು ನಿಲ್ಲಿಸಬೇಕೆಂದು ತೀರ್ಮಾನಿಸಿದ್ದರು ಎಂದು ನಮ್ಮ ಮನೆತನದ ಪುಸ್ತಕದಲ್ಲಿದೆ. ಯಾಕೆ ತುಂಬಲಿಲ್ಲ, ಯಾರು ತಡೆದರು ಎಂಬುದು ಅದರಲ್ಲಿಲ್ಲ. ತುಂಬಿದ ಮನೆಯಲ್ಲಿ ಹನ್ನೊಂದು ವರ್ಷದವರ ಮಾತಿಗೆ ಯಾರೂ ಕಿವಿ ಕೊಡುವುದಿಲ್ಲ, ನನಗೆ ಗೊತ್ತು. ಆದರೂ ಬಾವಿ ಮುಚ್ಚಬೇಡಿ ಎಂದು ಹೇಳಿ. ಕೇಳದಿದ್ದರೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕೆಡವಿ ಹೇಳಿ. ಬೈದರೆ ಬೈಸಿಕೊಳ್ಳಿ.

ನಾಗೂ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ನನ್ನ ಪಕ್ಕಕ್ಕೇ ಬಂದು ಕೂತಿದ್ದಾಳೆ. ಪೆನ್ನಿಗೆ ಕೈ ಹಾಕುತ್ತಿದ್ದಾಳೆ. ಇವತ್ತು ಕೊಟ್ಟುಬಿಡುತ್ತೇನೆ.