ಮುಖ ನೋಡಿ ಬಿಟ್ಟ ಹೆಸರು

ಕಾಲ್ಡರ್ ಬೀದಿ
ಅಕ್ಟೋಬರ್ ೧೪

ಮಗಳು ಲಾವೊನ್‌ಗೆ ತಾಯಿಯ ಆಶೀರ್ವಾದಗಳು.

ಈ ಬೀದಿಯ ನಿವಾಸಿಗಳ ಸಂಘಕ್ಕೆ ನಾನೇ ಅಧ್ಯಕ್ಷೆ, ಚರ್ಚಿನ ಹಿರಿಯ ತಾಯಂದಿರಲ್ಲಿ ಮೊದಲ ಕುರ್ಚಿ ನನ್ನದು. ನನ್ನ ಮೆಟ್ಟಿಲು ಹತ್ತುವಾಗ ಪೊಲೀಸರೂ ಟೋಪಿ ತೆಗೆಯುತ್ತಾರೆ. ಗೊತ್ತಿದ್ದದ್ದನ್ನೇ ಬರೆಯುತ್ತಿದ್ದೇನೆ, ಏಕೆಂದರೆ ಈ ಗೌರವವೇ ನೀನು ನನ್ನ ಬಳಿ ಬಿಟ್ಟುಹೋದ ನಿನ್ನ ಮಗ ಟೆರಲ್‌ಗೆ ಮುಳುವಾಗುತ್ತಿತ್ತು.

ನೀನು ಹೋದ ಮೇಲೆ ಇಲ್ಲೊಂದು ಏರ್ಪಾಡು ಶುರುವಾಗಿದೆ. ಬಂದೂಕಿನ ಗುಂಪುಗಳ ಜೊತೆ ತಿರುಗುವ ಹುಡುಗರನ್ನು ಪೊಲೀಸರು ಹೆಸರು ಹಿಡಿದು ಚರ್ಚಿಗೆ ಕರೆಸುತ್ತಾರೆ. ಇನ್ನೊಂದು ಗುಂಡು ಹಾರಿದರೆ ಇಡೀ ಗುಂಪಿನ ಬೆನ್ನು ಹತ್ತುತ್ತೇವೆ ಎಂದು ಎಚ್ಚರಿಸುತ್ತಾರೆ. ಬಿಟ್ಟು ಬರುವವರಿಗೆ ಕೆಲಸ ಕೊಡಿಸುತ್ತಾರೆ. ಕೊನೆಗೆ, ಮಗನನ್ನು ಗುಂಡಿಗೆ ಕಳೆದುಕೊಂಡ ನಾನು ಮಾತಾಡುತ್ತೇನೆ.

ಇದರಿಂದ ಪ್ರಯೋಜನವಿದೆಯೇ ಎಂದು ಅಳೆಯಲು ವಿಶ್ವವಿದ್ಯಾಲಯದಿಂದ ಮಿಸ್ ಕೀನ್ ಎಂಬ ಹುಡುಗಿ ಬಂದಿದ್ದಳು. ಕರೆ ಹೋದವರಿಗಿಂತ, ಅದೇ ಸಹವಾಸದಲ್ಲಿದ್ದೂ ಕರೆ ಹೋಗದವರಿಗೆ ಹೆಚ್ಚು ಗುಂಡೇಟು ಬಿದ್ದಿದೆ ಎಂದಳು. ಭಯದಿಂದಲೋ ಕೆಲಸದಿಂದಲೋ ಇನ್ನೂ ಹೇಳಲಾರೆ ಎಂದೂ ಸೇರಿಸಿದಳು. ಸಂಘದ ಸಭೆಯಲ್ಲಿದ್ದ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಟೆರಲ್‌ನ ಸ್ನೇಹಿತರಿಗೆಲ್ಲ ಕರೆ ಬಂದಿತ್ತು, ಅವನಿಗೆ ಮಾತ್ರ ಇಲ್ಲ. ನನ್ನ ಮೊಮ್ಮಗ ಅಂಥವನಲ್ಲ ಎಂದು ಅದುವರೆಗೆ ಬೀಗುತ್ತಿದ್ದೆ.

ಸಾರ್ಜೆಂಟ್ ಬೋಲ್ಡನ್‌ನನ್ನು ಅಡುಗೆಮನೆಗೆ ಕರೆದು, ಪೀಚ್ ಹಣ್ಣಿನ ಸಿಹಿ ಕಾಬ್ಲರ್ ಮುಂದಿಟ್ಟು ಕಾರಣ ಕೇಳಿದೆ. ಅವನು ಚಮಚ ಕೆಳಗಿಟ್ಟ.

“ಮಿಸ್ ಒಡೆಸ್ಸಾ, ನಿಮ್ಮ ಮುಖ ನೋಡಿ ಅವನ ಹೆಸರು ಬಿಟ್ವಿ.”

“ಗುಂಡಿಗೆ ನನ್ನ ಮುಖದ ಗುರುತಿದೆಯೇನಪ್ಪಾ?” ಎಂದೆ.

ಅಲ್ಲೇ ಕರೆಯ ಪಟ್ಟಿಗೆ ಅವನ ಹೆಸರು ಬರೆಸಿದೆ. ಟೆರಲ್ ರೇಗಾಡಿದ. ಸ್ವಂತ ಅಜ್ಜಿಯೇ ಪೊಲೀಸರಿಗೆ ಹಿಡಿದುಕೊಟ್ಟಳು, ಇನ್ನು ಗೆಳೆಯರ ಮುಂದೆ ತಲೆ ಎತ್ತುವುದು ಹೇಗೆ ಎಂದ. ತಲೆ ಇದ್ದರೆ ತಾನೇ ಎತ್ತುವುದು ಎಂದು ಹೇಳಿ, ಇಸ್ತ್ರಿ ಮಾಡಿದ ಅಂಗಿ ಕೊಟ್ಟೆ.

ನಿನ್ನನ್ನು ಮೊದಲು ಕೇಳಬೇಕಿತ್ತು ಎನ್ನುತ್ತೀ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ; ಅದಕ್ಕೇ ಕೇಳಲಿಲ್ಲ. ನಿನ್ನೆ ಸಭೆ ನಡೆಯಿತು. ಬಸ್ ಡಿಪೋದಲ್ಲಿ ಕೆಲಸ ಕಲಿಯಲು ಅವನು ಸಹಿ ಹಾಕಿ ಬಂದಿದ್ದಾನೆ.

ನಿನ್ನ ತಾಯಿ,
ಒಡೆಸ್ಸಾ ಪ್ರುಯಿಟ್

ಮತ್ತೆ: ನಿನ್ನ ತಮ್ಮನ ಹೆಸರು ಹೇಳಿ ನಿನ್ನೆ ಸಭೆಯಲ್ಲಿ ಕಣ್ಣೊರೆಸಿಕೊಳ್ಳಬೇಕಾಯಿತು. ಟೆರಲ್ ಎಲ್ಲರೆದುರು ಎದ್ದು ಬಂದು ನೀರು ಕೊಟ್ಟ. ಆಮೇಲೆ ಗೆಳೆಯರ ಸಾಲಿಗೆ ಹಿಂದಿರುಗಲಿಲ್ಲ. ನನ್ನ ಮಾತು ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದ.